ಗೌರಿ ಟೀಚರ್ ಹೆಸರಿಟ್ಟ ಹುಳು

ಗೌರಿ ಟೀಚರ್ ಬಸವನಹುಳುವಿನ ಹಲ್ಲು ನೋಡಿ ಅದರ ಕುಲ ಹೇಳುತ್ತಿದ್ದರು. ಬಸವನಹುಳುವಿಗೆ ಹಲ್ಲಿದೆ ಎಂಬುದೇ ನನಗೆ ತಿಳಿದದ್ದು ಅವರಿಂದ. ನಾಲಿಗೆಯಂಥ ಒಂದು ಪಟ್ಟಿ, ಅದರ ಮೇಲೆ ಸಾಲುಸಾಲು ಹಲ್ಲು. ಅಕ್ಕಿಕಾಳಿಗಿಂತ ಸಣ್ಣದಾದ ಆ ಪಟ್ಟಿಯನ್ನು ಸೂಜಿಯ ತುದಿಯಿಂದ ಬಿಡಿಸುವಾಗ ಅವರು ಉಸಿರು ಬಿಗಿಹಿಡಿದಿರುತ್ತಿದ್ದರು. ಊಟಿ ಬಳಿಯ ನಂಜನಾಡಿನ ಅವರ ಮನೆಯಲ್ಲಿ ಬೆಳಕು ಚೆನ್ನಾಗಿ ಬರುತ್ತಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಹಾಗಾಗಿ ಮೈಕ್ರೋಸ್ಕೋಪು ಅಲ್ಲೇ, ಉಪ್ಪಿನ ಜಾಡಿಯ ಪಕ್ಕದಲ್ಲಿ. ಕಿಟಕಿಯ ಹೊರಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ಯಾರೆಟ್ ಹೊಲ. ಒಳಗೆ, ಸ್ಪಿರಿಟ್ ತುಂಬಿದ ಬಾಟಲಿಗಳಲ್ಲಿ, ಉತ್ತರ ಧ್ರುವದ ಕಡಲಿನ ಜೀವಗಳು.

ಮೈಸೂರಿನ ಒಂದು ಕನ್ನಡ ಪತ್ರಿಕೆಗೆ ನಾನು ಊಟಿಯಿಂದ ಸುದ್ದಿ ಕಳಿಸುತ್ತೇನೆ. ಟೀಚರ್ ಅದನ್ನು ತಪ್ಪದೆ ಓದುತ್ತಿದ್ದರು, ಓದಿ ಫೋನ್ ಮಾಡುತ್ತಿದ್ದರು.

"ತಮ್ಮಾ, ಸೋಲೂರಿಗೆ ಚಿರತೆ ಬಂತು ಅಂತ ಬರೆದಿದ್ದೀಯ. ಯಾರು ನೋಡಿದ್ದು?"

"ಹೆಜ್ಜೆ ನೋಡಿದ್ದಾರೆ, ಟೀಚರ್."

"ಹಾಗಾದ್ರೆ ಹೆಜ್ಜೆ ಬಂತು ಅಂತ ಬರಿ. ಚಿರತೇನ ಚಿರತೆಗೆ ಬಿಡು."

'ಥರ' ಎಂಬ ಪದ ಅವರಿಗೆ ಆಗುತ್ತಿರಲಿಲ್ಲ. "ಅದರ ಥರ ಇದೆ, ಇದರ ಥರ ಇದೆ ಅಂದ್ರೆ ನೀನು ಸರಿಯಾಗಿ ನೋಡಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಊಟಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ಈ ಮಾತಿನಿಂದ ಎಷ್ಟೋ ಮಕ್ಕಳನ್ನು ಅಳಿಸಿದ್ದರಂತೆ. ಅವರ ಹಳೆಯ ವಿದ್ಯಾರ್ಥಿಗಳು ಇದನ್ನು ಹೇಳುವಾಗ ನಗುತ್ತಾರೆ.

ಕಾಲೇಜಿಗೆ ಸೇರುವ ಮೊದಲು, ಯೌವನದಲ್ಲಿ, ಅವರು ವಿದ್ಯಾರ್ಥಿವೇತನ ಪಡೆದು ಧ್ರುವಕ್ಕೆ ಹತ್ತಿರದ ದೇಶವೊಂದರ ವಸ್ತುಸಂಗ್ರಹಾಲಯದಲ್ಲಿ ಸಂಶೋಧನೆ ಮಾಡಿದ್ದರು. ಅಲ್ಲಿ ಹಳೆಯ ಹಡಗುಯಾನಗಳು ತಂದಿಟ್ಟಿದ್ದ ಬಾಟಲಿಗಳಲ್ಲಿ ಒಂದು ವಿಚಿತ್ರ ಕಡಲ ಬಸವನಹುಳು ಅವರ ಕಣ್ಣಿಗೆ ಬಿತ್ತು. ಅದರ ಬೆನ್ನ ಮೇಲೆ ಚಿಪ್ಪಿಲ್ಲ. ಚಿಪ್ಪು ಇರುವುದು ಮಾಂಸದ ಒಳಗೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಈ ಜಾತಿಯ ಹುಳುಗಳನ್ನು ಬಲ್ಲವರೇ ಬಹಳ ಕಡಿಮೆ. ಹಳೆಯ ಗ್ರಂಥಗಳಲ್ಲಿದ್ದ ಪ್ರಭೇದದ ಬೆನ್ನು ನುಣುಪು, ಹಲ್ಲು ಚೂಪು. ಟೀಚರ್ ಕಂಡದ್ದರ ಬೆನ್ನಿನಲ್ಲಿ ಮೂರು ಮಡಿಕೆ, ಹಲ್ಲು ಮೊಂಡು. ಬೇರೆ ಪ್ರಭೇದವೆಂದು ತೀರ್ಮಾನಿಸಿ ವರ್ಣಿಸಿದರು. ಹೆಸರಿಡುವ ಹಕ್ಕು ವರ್ಣಿಸಿದವರದು. ಅಕ್ಷರ ಬಾರದ ತಮ್ಮ ತಾಯಿ ಬೆಳ್ಳಿಯ ಹೆಸರನ್ನು ಲ್ಯಾಟಿನ್‌ಗೆ ಒಗ್ಗಿಸಿ ಇಟ್ಟರು.

ಊರಿನವರಿಗೆಲ್ಲ, ಟೀಚರ ಬಡಗ ಸಮುದಾಯದವರಿಗೆಲ್ಲ, ಇದು ಹೆಮ್ಮೆಯ ವಿಷಯ. ನಂಜನಾಡಿನ ಬೆಳ್ಳಿ ಐಸಿನ ಕಡಲಿನಲ್ಲಿ ಈಜುತ್ತಿದ್ದಾಳೆ ಎಂದು ಮುದುಕರು ತಮಾಷೆ ಮಾಡುತ್ತಿದ್ದರು. ಕಳೆದ ವರ್ಷ ಊರಿನ ಸಂಘದವರು ಟೀಚರಿಗೆ ಸನ್ಮಾನ ಇಟ್ಟುಕೊಂಡರು. ನಾನೂ ಒಂದು ಲೇಖನ ಸಿದ್ಧ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಆ ವಸ್ತುಸಂಗ್ರಹಾಲಯದಿಂದ ಇಂಗ್ರಿಡ್ ಎಂಬ ಯುವ ಸಂಶೋಧಕಿ ಕೆಲವು ಚಿತ್ರಗಳನ್ನು ಕಳಿಸಿದಳು. ಮುಳುಗುಗಾರರು ಮಂಜುಗಡ್ಡೆಯ ಕೆಳಗೆ ತೆಗೆದ, ಬದುಕಿರುವ ಹುಳುಗಳ ಚಿತ್ರ. ಟೀಚರ್ ಹೇಳಿದ ಕಡಲಿನಲ್ಲೇ ಸಿಕ್ಕಿದ್ದವು. ಒಂದರ ಬೆನ್ನಲ್ಲೂ ಮಡಿಕೆ ಇರಲಿಲ್ಲ. ಹುಡುಗಿ ತುಂಬ ವಿನಯದಿಂದ ಬರೆದಿದ್ದಳು: ನಿಮ್ಮ ಪ್ರಭೇದವನ್ನು ಹಾಗೇ ಉಳಿಸಿಕೊಳ್ಳಲು ನಮಗೆ ಅಡ್ಡಿಯಿಲ್ಲ, ನೀವೇ ನೋಡಿ ಹೇಳಿ.

"ಮರ್ಯಾದೆಗೆ ಉಳಿಸ್ತಾಳಂತೆ" ಎಂದರು ಟೀಚರ್. "ಹುಳಕ್ಕೆ ನನ್ನ ಮರ್ಯಾದೆ ಕಟ್ಕೊಂಡು ಏನಾಗ್ಬೇಕು?"

ಅವರು ಇಂಗ್ರಿಡ್‌ಗೆ ಒಂದು ಕೆಲಸ ಹೇಳಿದರು. ಒಂದೇ ಬಂಡೆಯಿಂದ ಎರಡು ಹುಳು ಹಿಡಿ. ಒಂದನ್ನು ಹಳೆಯ ನಾವಿಕರು ಮಾಡುತ್ತಿದ್ದಂತೆ ನೇರ ಸ್ಪಿರಿಟ್ಟಿಗೆ ಹಾಕು. ಇನ್ನೊಂದಕ್ಕೆ ನಿಧಾನವಾಗಿ ಅರಿವಳಿಕೆ ಕೊಟ್ಟು, ಮೈ ಸಡಿಲವಾದ ಮೇಲೆ ಹಾಕು. ಎರಡನ್ನೂ ಕಳಿಸು.

ಪೊಟ್ಟಣ ಬಂದು ಮುಟ್ಟುವಾಗ ಸನ್ಮಾನದ ಬ್ಯಾನರ್ ಆಗಲೇ ಕಟ್ಟಿದ್ದರು. ಅದರಲ್ಲಿ ಟೀಚರ ಮುಖದ ಪಕ್ಕ, ಎಲ್ಲಿಂದಲೋ ತೆಗೆದ, ದೊಡ್ಡ ಚಿಪ್ಪಿನ ತೋಟದ ಬಸವನಹುಳು ಇತ್ತು.

ಅವರು ಪೊಟ್ಟಣ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಅರಿವಳಿಕೆ ಕೊಟ್ಟ ಹುಳು ನುಣ್ಣಗಿತ್ತು. ನೇರ ಸ್ಪಿರಿಟ್ಟಿಗೆ ಬಿದ್ದದ್ದು ಮುದುಡಿಕೊಂಡಿತ್ತು. ಅದರ ಬೆನ್ನಿನಲ್ಲಿ ಮಡಿಕೆ, ಮೂರೇ. ಟೀಚರ್ ತಮ್ಮ ಹಳೆಯ ರೇಖಾಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಹಲ್ಲಿನ ಪಟ್ಟಿ ಬಿಡಿಸಿದರು. ತುದಿಯ ಸಾಲುಗಳಲ್ಲಿ ಹಲ್ಲು ತಿಂದು ತಿಂದು ಸವೆದು ಮೊಂಡಾಗಿದ್ದವು. ಹಿಂದಿನ ಸಾಲುಗಳಲ್ಲಿ, ಇನ್ನೂ ಬಳಕೆಗೆ ಬಾರದವು, ಚೂಪಾಗಿದ್ದವು. ಹಿಂದೆ ಅವರು ನೋಡಿದ್ದು ತುದಿಯ ಸಾಲುಗಳನ್ನು ಮಾತ್ರ.

ನನ್ನನ್ನು ಕರೆದು ತೋರಿಸಿದರು. ಗಾಜಿನಿಂದ ಕಡೆದಂಥ ಹಲ್ಲುಗಳು, ಸಾಲಿನ ಹಿಂದೆ ಸಾಲು, ಬೆಳಕು ಅವುಗಳ ಮೂಲಕವೇ ಹಾದು ಬರುತ್ತಿತ್ತು. ಸುದ್ದಿಗಾಗಿ ಬಹಳಷ್ಟು ನೋಡಿದ್ದೇನೆ; ಆದರೂ ಮತ್ತೊಮ್ಮೆ ಬಗ್ಗಿ ನೋಡಿದೆ.

"ಚೆನ್ನಾಗಿದೆ ಅಲ್ವಾ?" ಎಂದರು ಟೀಚರ್. "ನಾನು ಪ್ರಭೇದ ಅಂದುಕೊಂಡದ್ದು ಸ್ಪಿರಿಟ್ ಹಾಕಿದ ಸುಕ್ಕು, ತಮ್ಮಾ. ಇದು ಹಳೇ ಹುಳವೇ."

ಒಲೆಯ ಬಳಿ ನಿಂತಿದ್ದ ಅವರ ಅತ್ತಿಗೆ ಮಾದಿಯಮ್ಮ ತಿರುಗಿದರು. ಅವರು ಆಡಿದ್ದು ಬಡಗ ಮಾತು. ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಾಗಂದ್ರೆ ಅತ್ತೆ ಹೆಸರು?"

"ಹೋಗುತ್ತೆ."

"ಆ ಹುಡುಗಿಯೇ ಇರಲಿ ಅಂತಾಳೆ. ನಿನಗೇನು ಕಷ್ಟ? ಅಲ್ಲಿ ಯಾರು ಹೋಗಿ ಬೆನ್ನು ತಡವಿ ನೋಡ್ತಾರೆ?"

ಟೀಚರ್ ಲೆನ್ಸನ್ನು ಒರೆಸಿದರು, ಮತ್ತೆ ಒರೆಸಿದರು. "ಅಮ್ಮ ಸಂತೆಯಲ್ಲಿ ಆಲೂಗಡ್ಡೆ ಮಾರುವಾಗ ಕೊಳೆತದ್ದನ್ನ ಕೆಳಗೆ ಹಾಕಿ ಮುಚ್ತಿರಲಿಲ್ಲ, ಮಾದಿ" ಎಂದರು. "ಅವಳ ಹೆಸರು ಹೇಳ್ಕೊಂಡು ನಾನು ಮುಚ್ಚಲಾ?"

ಮಾದಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದರು. ನಾನು ನನ್ನ ಲೇಖನವನ್ನು ತಡೆಹಿಡಿದೆ.

ಸನ್ಮಾನ ರದ್ದಾಗಲಿಲ್ಲ. ಶಾಲು ಹೊದಿಸಿದ ಮೇಲೆ ಟೀಚರ್ ಮೈಕಿನ ಮುಂದೆ ನಿಂತು, ತಾವು ಹೆಸರಿಟ್ಟ ಪ್ರಭೇದ ಜಗತ್ತಿನಲ್ಲಿ ಇಲ್ಲ, ತಾವು ನೋಡಿದ್ದೇ ತಪ್ಪು ಎಂದರು. ಹಾಗೇ ಇಂಗ್ರಿಡ್‌ಗೂ ಬರೆದಾಗಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಮುಂಡಾಸು ಸುತ್ತಿ ಕೂತಿದ್ದ ಹಿರಿಯರೊಬ್ಬರು ಕೈಯೆತ್ತಿದರು.

"ಗೌರಿ, ಆ ಹುಳ ಇದೆ ತಾನೆ? ಸತ್ತಿಲ್ಲವಲ್ಲ?"

"ಇದೆ, ಮಾಮಾ. ಚೆನ್ನಾಗಿದೆ."

"ಅದಕ್ಕೆ ಬೇರೆ ಹೆಸರು ಇದೆಯಾ?"

"ನಾನು ಹುಟ್ಟೋದಕ್ಕೂ ಮುಂಚಿನಿಂದ ಇದೆ."

"ಸರಿ ಬಿಡು. ಊಟಕ್ಕೆ ಏಳ್ರಪ್ಪಾ, ಸಾರು ಆರಿಹೋಗ್ತಿದೆ."

ಎಲ್ಲರೂ ನಕ್ಕರು. ಟೀಚರೂ ನಕ್ಕರು. ಊಟದ ಪಂಕ್ತಿಯಲ್ಲಿ ಅವರು ಎಲೆಯ ಮುಂದೆ ಸುಮ್ಮನೆ ಕೂತಿದ್ದನ್ನೂ ನಾನು ನೋಡಿದೆ.

ಕೊನೆಯ ಬಾರಿ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ಇಂಗ್ರಿಡ್ ವಿಡಿಯೊ ಕಳಿಸಿದ್ದಳು. ಅವರ ಫೋನಿನಲ್ಲಿ ತೆರೆಯಲಿಲ್ಲವೆಂದು ನನ್ನದರಲ್ಲಿ ಹಾಕಿಕೊಟ್ಟೆ. ಕಪ್ಪು ನೀರು. ಮುಳುಗುಗಾರನ ದೀಪದ ಬೆಳಕಿನಲ್ಲಿ ಹಾಲಿನ ಕೆನೆಯ ಬಣ್ಣದ ಒಂದು ಜೀವ ಬಂಡೆಯ ಮೇಲೆ ಜಾರುತ್ತಿತ್ತು. ಮೈಯಲ್ಲಿ ಒಂದು ಗೆರೆಯಿಲ್ಲ. ಜೀವಮಾನವಿಡೀ ಸತ್ತ ಹುಳುಗಳನ್ನು ನೋಡಿದ ಟೀಚರ್ ಬದುಕಿರುವ ಹುಳು ಚಲಿಸುವುದನ್ನು ಕಂಡದ್ದು ಅದೇ ಮೊದಲು. ಮುಗಿದಾಗ ಮತ್ತೆ ಹಾಕಲು ಸನ್ನೆ ಮಾಡಿದರು. "ಎಷ್ಟು ಆರಾಮಾಗಿ ಹೋಗ್ತಿದೆ ನೋಡು" ಎಂದರು.

ಅವರು ತೀರಿಕೊಂಡಾಗ ಸುದ್ದಿ ಬರೆದದ್ದು ನಾನೇ. ಪತ್ರಿಕೆಯ ಮೈಸೂರಿನ ಡೆಸ್ಕಿನಿಂದ ಫೋನ್ ಬಂತು. "ಹೊಸ ಪ್ರಭೇದ ಕಂಡುಹಿಡಿದವರು ಅಂತ ಕೇಳಿದ್ದೆ. ನಿಮ್ಮ ಕಾಪಿಯಲ್ಲಿ ಇಲ್ಲವಲ್ಲ?"

"ಒಂದನ್ನ ಕಂಡುಹಿಡಿದಿದ್ದರು. ಅದು ಇಲ್ಲ ಅಂತ ಕಂಡುಹಿಡಿದವರೂ ಅವರೇ."

"ತಲೆಬರಹಕ್ಕೆ ಯಾವುದು ತಗೊಳ್ಳಲಿ?"

"ಎರಡನೇದು" ಎಂದೆ.