ಬಾಸಿಂಗ ಕಟ್ಟಿಕೊಂಡು ಕುದುರೆಗೆ ಲಸಿಕೆ ಹಾಕಿಸಿದ್ದು

ಕೊರೊನಾ ಹಾವಳಿ ಅಡಗಿ ಮದುವೆಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ್ದ ವರ್ಷ. ನಾನು ಸುರಪುರದಲ್ಲಿ ಬಾಡಿಗೆ ಮನೆ ಹಿಡಿದು, ಹುಣಸಗಿ ಕಡೆಯ ಹಳ್ಳಿಯೊಂದರ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಬೇಡಿ. ಆಗಲಿಲ್ಲ, ಅಷ್ಟೇ.

ಪಕ್ಕದ ಮನೆ ಮಾದೇವಕ್ಕನದು. ಆಕೆಯ ಗಂಡ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಚಾಂದನಿ ಎಂಬ ಆ ಬಿಳಿ ಹೆಣ್ಣು ಕುದುರೆಯನ್ನು ಶಹಾಪುರದವರೆಗೂ ಆಕೆಯೇ ಕರೆದೊಯ್ಯುತ್ತಿದ್ದಳು. ಹಿಂದಿನ ಸಲ ಚಾಂದನಿ ಹಾಕಿದ ಮರಿಗೆ ಹೊಕ್ಕುಳಿನಿಂದ ಧನುರ್ವಾಯು ತಗುಲಿತ್ತು. ದವಡೆ ಕಚ್ಚಿಕೊಂಡು, ತಾಯಿಯ ಮೊಲೆ ಬಾಯಿಗಿಟ್ಟರೂ ಚೀಪಲಾಗದೆ ಅದು ಸತ್ತುಹೋಯಿತು. ಮಾದೇವಕ್ಕ ಒಲೆ ಹಚ್ಚದೆ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಚಾಂದನಿ ಮತ್ತೆ ಗಬ್ಬವಾಗಿದ್ದಳು. ಮರಿ ಹಾಕುವುದಕ್ಕೆ ಒಂದು ತಿಂಗಳು ಮುಂಚೆ ತಾಯಿಗೆ ಧನುರ್ವಾಯು ಲಸಿಕೆ ಕೊಟ್ಟರೆ ಗಿಣ್ಣುಹಾಲಿನ ಜೊತೆ ಅದರ ಬಲ ಮರಿಗೂ ಇಳಿಯುತ್ತದೆ ಎಂದು ಪಶು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಆದರೆ ಚಾಂದನಿಗೆ ಸೂಜಿ ಎಂದರೆ ಜೀವಭಯ. ಹಿಂದೊಮ್ಮೆ ಹೊಟ್ಟೆಶೂಲೆ ಬಂದಾಗ ಯಾರೋ ಅರೆಬರೆ ಬಲ್ಲವನು ಸಿಕ್ಕಸಿಕ್ಕಲ್ಲಿ ಚುಚ್ಚಿದ್ದನಂತೆ.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಕಂಪೌಂಡರನ ಜೊತೆ ಬಂದರು. ನಾನೂ ಕೈಯಲ್ಲಿ ಚಹಾ ಹಿಡಿದು ತಮಾಷೆ ನೋಡಲು ನಿಂತೆ. ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿದರು, ಕಂಪೌಂಡರ್ ಹಗ್ಗ ಹಿಡಿದ. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಂದನಿ ಮುಂಗಾಲೆತ್ತಿ ನಿಂತಳು. ಕಂಪೌಂಡರ್ ಹೋಗಿ ಲದ್ದಿಯ ಗುಡ್ಡೆಯ ಮೇಲೆ ಬಿದ್ದ. ಇಷ್ಟು ಒದ್ದಾಡಿದರೆ ಹೊಟ್ಟೆಯೊಳಗಿನ ಮರಿಗೇ ಅಪಾಯ, ಬಲವಂತ ಬೇಡ ಎಂದು ಡಾಕ್ಟರಮ್ಮ ಸಿರಿಂಜ್ ಒಳಗಿಡತೊಡಗಿದರು.

ಆಗ ಮಾದೇವಕ್ಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಕೆಯ ಗಂಡ ಕುದುರೆಗೆ ಒಂದು ಪಾಠ ಕಲಿಸಿದ್ದ. ಬಾಸಿಂಗ ಕಟ್ಟಿದ ಮದುಮಗ ಬಂದು ಬೆನ್ನ ಮೇಲೆ ಕೈ ಇಟ್ಟನೆಂದರೆ ಅದು ಕದಲಬಾರದು. ಬ್ಯಾಂಡ್ ಬಡಿಯಲಿ, ಪಟಾಕಿ ಸಿಡಿಯಲಿ, ದೃಷ್ಟಿ ತೆಗೆದು ಕಾಲ ಬಳಿ ತೆಂಗಿನಕಾಯಿ ಒಡೆಯುವ ತನಕ ನಿಂತಲ್ಲೇ ನಿಲ್ಲಬೇಕು.

"ಮಾಸ್ತರ್ರ, ನೀವೇ ಮದುಮಗ ಆಗ್ರಿ. ಅಕಿ ಹೊಟ್ಟ್ಯಾಗಿನ ಕೂಸಿನ ಸಲುವಾಗಿ ಕೇಳಾಕತ್ತೇನಿ," ಎಂದಳು.

ಅಂತೂ ಮಾಸ್ತರಿಗೂ ಕಂಕಣ ಕೂಡಿಬಂತು ಎಂದು ಕಂಪೌಂಡರ್ ಲದ್ದಿ ಒರೆಸಿಕೊಳ್ಳುತ್ತಲೇ ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಮಾದೇವಕ್ಕನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಕುದುರೆಗೆ ಪಾಠ ಕಲಿಸಲು ಗಂಡ ಇಟ್ಟುಕೊಂಡಿದ್ದ ಮದುಮಗನ ವೇಷವನ್ನು ಆಕೆ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಜರಿ ಅಂಗಿ ತೊಟ್ಟು, ರುಮಾಲು ಸುತ್ತಿ, ಬಾಸಿಂಗ ಕಟ್ಟಿಕೊಂಡು ಹೊರಬಂದೆ. ಅಷ್ಟರಲ್ಲಿ ಗೋಡೆಯ ಮೇಲೆ ಇಡೀ ಓಣಿಯ ತಲೆಗಳು ಸಾಲಾಗಿದ್ದವು.

ಚಾಂದನಿಯ ಕಣ್ಣುಪಟ್ಟಿ ಬಿಚ್ಚಿದರು. ನನ್ನನ್ನು ಕಂಡು ಅವಳು ಕಿವಿ ನಿಮಿರಿಸಿದಳು. ಹೆದರುತ್ತಲೇ ಹೋಗಿ ಬೆನ್ನ ಮೇಲೆ ಕೈ ಇಟ್ಟೆ. ಕಾಲುಗಳನ್ನು ಕೂಡಿಸಿ, ಕುತ್ತಿಗೆ ಎತ್ತಿ, ಕಲ್ಲಿನ ಹಾಗೆ ನಿಂತುಬಿಟ್ಟಳು. ಗೋಡೆಯ ಮೇಲಿನ ನಗು ನಿಂತಿತು. ಡಾಕ್ಟರಮ್ಮ ಸ್ಪಿರಿಟ್ ಹಚ್ಚಿದಾಗ ನನ್ನ ಅಂಗೈ ಕೆಳಗೆ ಅವಳ ಚರ್ಮ ಗಡಗಡ ನಡುಗಿತು. ಸೂಜಿ ಒಳಗೆ ಹೋಯಿತು. ಅವಳು ಒಂದು ಗೊರಸನ್ನೂ ಎತ್ತಲಿಲ್ಲ.

ಲಸಿಕೆ ಮುಗಿಯಿತೆಂದು ಎಲ್ಲರೂ ದೂರ ಸರಿದೆವು. ನಾನು ಬಾಸಿಂಗ ಬಿಚ್ಚಿದೆ. ಚಾಂದನಿ ಮಾತ್ರ ಕದಲಲಿಲ್ಲ. ಹಗ್ಗ ಎಳೆದರೂ ಬರಲಿಲ್ಲ, ಹುಲ್ಲು ಹಿಡಿದರೂ ಮೂಸಲಿಲ್ಲ. ಮೈಯಿಂದ ಬೆವರು ಇಳಿಯುತ್ತಿತ್ತು. ಏನಾಯಿತೋ ಎಂದು ಡಾಕ್ಟರಮ್ಮನೇ ಗಾಬರಿಯಾದರು.

ಮಾದೇವಕ್ಕ ಹಣೆ ಬಡಿದುಕೊಂಡಳು. "ಕಾಯಿ ಒಡದಿಲ್ರಿ ನಾವು. ಅಕಿ ಹೆಂಗ ಕದಲ್ತಾಳ?"

ಮನೆಯಲ್ಲಿ ಕಾಯಿ ಇರಲಿಲ್ಲ. ಆಕೆ ಅಂಗಡಿಗೆ ಓಡಿದಳು. ಆಕೆ ಬರುವವರೆಗೆ ನಾನು ಮತ್ತೆ ಕುದುರೆಯ ಬೆನ್ನ ಮೇಲೆ ಕೈ ಇಟ್ಟು ನಿಂತೆ. ಒಳಗೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಗ್ಗವನ್ನು ಗೂಟಕ್ಕೆ ಕಟ್ಟಿರಲಿಲ್ಲ, ಹಿಡಿದವರೂ ಇರಲಿಲ್ಲ. ಓಡಬೇಕೆಂದರೆ ಯಾರು ತಡೆಯುತ್ತಿದ್ದರು? ಎಂದೋ ಸತ್ತವನೊಬ್ಬ ಕಲಿಸಿದ್ದಕ್ಕೆ ಇಷ್ಟು ನಿಯತ್ತೇ ಶಿವನೇ ಎಂದು ನನ್ನ ಕಣ್ಣು ತುಂಬಿತು. ಬದುಕಿನಲ್ಲಿ ನಾನು ಯಾವ ಮನುಷ್ಯನ ಮುಂದೆಯೂ ಅಷ್ಟು ಸಣ್ಣವನಾಗಿ ನಿಂತಿಲ್ಲ. ಕಾಯಿ ಒಡೆದ ಮೇಲೆ ಅವಳು ಉಸ್ಸೆಂದು ಉಸಿರು ಬಿಟ್ಟು, ಮೈ ಕೊಡವಿ, ಹುಲ್ಲಿಗೆ ಬಾಯಿ ಹಾಕಿದಳು.

ಮುಂದಿನ ತಿಂಗಳು ಚಾಂದನಿ ಮರಿ ಹಾಕಿದಳು. ಕಡ್ಡಿಯಂಥ ಕಾಲು ಊರಿ, ಬಿದ್ದು, ಎದ್ದು, ಅದು ಗಿಣ್ಣುಹಾಲು ಕುಡಿಯಿತು. ಡಾಕ್ಟರಮ್ಮನೇ ಬಂದು ಹೊಕ್ಕುಳಿಗೆ ಔಷಧಿ ಹಚ್ಚಿದರು. ಓಣಿಯವರೆಲ್ಲ ಖುಷಿಪಟ್ಟರೂ ಮಾದೇವಕ್ಕ ನಗಲಿಲ್ಲ. ದಿನಾ ಬೆಳಿಗ್ಗೆ ಎದ್ದವಳೇ ಮರಿಯ ಬಾಯಿಯಲ್ಲಿ ಬೆರಳಿಟ್ಟು ದವಡೆ ನೋಡುತ್ತಿದ್ದಳು. ಹಿಂದಿನ ಮರಿ ಸತ್ತ ವಯಸ್ಸನ್ನು ಇದು ದಾಟಿದ ಮೇಲೆ ಒಂದು ದಿನ ನನ್ನನ್ನು ಕರೆದಳು.

"ನೀವೂ ಬಟ್ಟ ಇಟ್ಟ ನೋಡ್ರಿ ಮಾಸ್ತರ್ರ. ನನಗ ನಂಬಿಗಿ ಬರವಲ್ದು."

ಬೆರಳಿಟ್ಟೆ. ಬಿಸಿ ಬಿಸಿ ನಾಲಿಗೆ ಸುತ್ತಿಕೊಂಡು ಮರಿ ಎಷ್ಟು ಜೋರಾಗಿ ಚೀಪಿತೆಂದರೆ ನಾನು ಕೈ ಎಳೆದುಕೊಳ್ಳಬೇಕಾಯಿತು. ಮಾದೇವಕ್ಕ ಅಲ್ಲೇ ನೆಲದ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಲುಗದೆ ನಿಂತ ಪ್ರಾಣಿಗೆ ಭಯವಿರುವುದಿಲ್ಲ ಎಂದು ನಾನು ತಿಳಿದಿದ್ದೆ. ಈಗ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಗಿಂತ ಮೊದಲು ಬಾಗಿಲಲ್ಲಿ ನಿಂತ ಕುದುರೆಯ ಹತ್ತಿರ ಹೋಗುತ್ತೇನೆ. ಅದರ ಕುತ್ತಿಗೆಯ ಮೇಲೆ ಕೈ ಇಟ್ಟು, ಚರ್ಮ ನಡುಗುತ್ತಿದೆಯೇ ಎಂದು ನೋಡುತ್ತೇನೆ.