ಜೀರಹಳ್ಳಿಯ ಮಾವಿನ ಮರದಲ್ಲಿ ಉಳಿದಿದ್ದ ಹೂ

ಚಾಮರಾಜನಗರದಲ್ಲಿ ಇಡ್ಲಿ ತಿಂದು ತಾಳವಾಡಿ ಬಸ್ಸು ಹತ್ತಿದೆವು. ಕಿಟಕಿಯ ಗಾಜು ಮುಚ್ಚಲು ಬರುತ್ತಿರಲಿಲ್ಲ. ಸೋನೆ ಮಳೆ ನೇರ ಮಡಿಲಿಗೇ ಬೀಳುತ್ತಿತ್ತು. ಪಕ್ಕದಲ್ಲಿ ನಾದಿನಿ ನಳಿನಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಮರದ ಮೇಲೆ ಬೇರು ಹಬ್ಬಿಸಿ ಹೂ ಬಿಡುವ ಸೀತಾಳೆ ದಂಡೆಯಂಥ ಆರ್ಕಿಡ್‌ಗಳನ್ನು ಕುಲ, ಜಾತಿ ಎಂದು ವಿಂಗಡಿಸುವುದು ಅವಳಿಗೆ ಹುಚ್ಚು. ವಿದ್ಯಾರ್ಥಿನಿಯೊಬ್ಬಳು ಜೀರಹಳ್ಳಿಯ ತನ್ನ ಮನೆಯ ಮಾವಿನ ಮರದಲ್ಲಿ ಅರಳಿದ ಹೂವಿನ ಫೋಟೊ ಕಳಿಸಿದ್ದೇ ತಡ, ಇವಳಿಗೆ ನಿದ್ದೆ ಹಾರಿಹೋಗಿತ್ತು.

“ನನಗೆ ಗೊತ್ತಿರೋ ಯಾವ ಜಾತಿಗೂ ಇದು ಸೇರ್ತಿಲ್ಲ ಅತ್ತಿಗೆ. ಹೊಸದಾದ್ರೆ ಹೆಸರಿಡೋಳು ನಾನೇ,” ಎಂದಳು. ಇನ್ನು ತೊಟ್ಟಿಲು ಕಟ್ಟುವುದೊಂದು ಬಾಕಿ ಎಂದು ನಾನು ಗೇಲಿ ಮಾಡಿದೆ.

ತಾಳವಾಡಿಯಲ್ಲಿ ಬಸ್ಸು ಬದಲಿಸಿ ಜೀರಹಳ್ಳಿಯಲ್ಲಿ ಇಳಿದಾಗ ಮಳೆ ಬಿಟ್ಟಿತ್ತು. ಹುಡುಗಿ ಹಾಸ್ಟೆಲಿನಲ್ಲೇ ಉಳಿದಿದ್ದಳು. ಅವಳ ತಂದೆ ಮಾದಪ್ಪ ಕೊಡೆ ಹಿಡಿದು ಕಾಯುತ್ತಿದ್ದರು. ಹಣೆತುಂಬ ವಿಭೂತಿ, ಮುಖತುಂಬ ನಗು. ಕೈಕಾಲು ತೊಳೆಯಲೂ ಬಿಡದೆ ಹಿತ್ತಲಿಗೆ ಕರೆದೊಯ್ದರು.

“ನೋಡ್ಕಳಿ ಅವ್ವಾ ಮರವ. ನೀವು ಬತ್ತೀರಿ ಅಂತ ನೆನ್ನೆ ಬದ್ನಿಕೆಯ ಎಲ್ಲ ಕೀಳ್ಸಿ ಚೊಕ್ಕಟ ಮಾಡುಸ್ಬುಟ್ಟೆ.”

ಬದನಿಕೆ ಮರದ ರಸ ಹೀರಿ ಬದುಕುವ ಗಿಡ. ಆರ್ಕಿಡ್ ಹಾಗಲ್ಲ, ಅದಕ್ಕೆ ಕೂರಲು ಕೊಂಬೆ ಸಿಕ್ಕರೆ ಸಾಕು. ಆದರೆ ಮಾದಪ್ಪನವರಿಗೆ ಮರದ ಮೇಲೆ ಹುಟ್ಟಿದ್ದೆಲ್ಲ ಬದನಿಕೆಯೇ. ಕೊಂಬೆಗಳ ಮೇಲೆ ಒಂದು ಗಿಡವೂ ಕಾಣಲಿಲ್ಲ.

“ಕಿತ್ತದ್ದು ಎಲ್ಲಿ?” ಎಂದಳು ನಳಿನಿ.

“ಆಳುಗೊಳು ಆಡಿಗೆ ಅಂತ ಒತ್ಕಂಡೋದ್ರು,” ಎಂದರು ಕಾಫಿ ತಂದ ಮಾದಪ್ಪನವರ ಹೆಂಡತಿ ಶಿವಮ್ಮ. ಆಡುಗಳು ನಿನ್ನೆಯೇ ತಿಂದು ಮುಗಿಸಿದ್ದವು. ನಾವು ಹುಡುಕಿ ಬಂದ ಹೂವೂ ಅದರಲ್ಲಿತ್ತೆಂದು ತಿಳಿದು ಮಾದಪ್ಪನವರ ಮುಖ ಸಣ್ಣಗಾಯಿತು.

ನಳಿನಿ ದುರ್ಬೀನು ತೆಗೆದು ಕೊಂಬೆ ಕೊಂಬೆ ಹುಡುಕಿದಳು. ತುದಿಯ ಕವಲಿನಲ್ಲಿ, ಆಳುಗಳ ಕಣ್ಣಿಗೆ ಬೀಳದೆ, ತಿಳಿಹಳದಿ ಹೂಗೊಂಚಲಿನ ಗಿಡವೊಂದು ಉಳಿದಿತ್ತು. ಅದೇ ಹೂವು!

“ಒಂದು ಹೂ ಸಾಕು ಮಾದಪ್ಪೋರೆ. ಒಳಗಿನ ಪರಾಗದ ಉಂಡೆ ನೋಡಿದ್ರೆ ಕುಲ ಗೊತ್ತಾಗತ್ತೆ. ಗಿಡ ಮಾತ್ರ ಮುಟ್ಟಬೇಡಿ.”

ಮಾದಪ್ಪ ಪಂಚೆ ಎತ್ತಿ ಕಟ್ಟಿ ಹತ್ತಿದರು. ಬದನಿಕೆಯ ಚೂರು ಉಳಿದರೂ ಮತ್ತೆ ಚಿಗುರುತ್ತದೆಂದು ಬುಡಸಮೇತ ಎಳೆಯುವುದು ಅಲ್ಲಿಯ ರೂಢಿ. ಅವರ ಕೈ ಹೂವಿನ ಬಳಿ ಹೋಗಿದ್ದನ್ನು ನಾನೇ ನೋಡಿದೆ. ಮರುಗಳಿಗೆಯಲ್ಲಿ ಅದೇ ಕೈ ಬೇರಿನಡಿ ಹೊಕ್ಕು ಇಡೀ ಗಿಡವನ್ನು ಸರಕ್ಕನೆ ಕಿತ್ತಿತು. ನಾವು ಅಯ್ಯೋ ಎಂದು ಚೀರಿದೆವು. ಮಾದಪ್ಪನವರೂ ಬೆಚ್ಚಿ ತಮ್ಮ ಕೈಯನ್ನೇ ನೋಡಿಕೊಂಡರು.

ಗಿಡ ಕೆಳಗೆ ಬಂತು. ನಳಿನಿ ಜಗಲಿಯಲ್ಲಿ ಕೂತು ಒಂದು ಹೂವನ್ನು ಸೂಜಿಯಿಂದ ಬಿಡಿಸಿ ಮಸೂರದಲ್ಲಿ ನೋಡಿದಳು. “ಬಹುಶಃ ಹೊಸದೇ ಅತ್ತಿಗೆ,” ಎಂದು ಅತ್ತುಬಿಟ್ಟಳು. ಹೆಸರು ಸಲ್ಲಬೇಕಾದರೆ ಗಿಡವನ್ನು ಒಣಗಿಸಿ ಸಸ್ಯಸಂಗ್ರಹದಲ್ಲಿ ಇಡಬೇಕಂತೆ. ಅದಕ್ಕೆಂದೇ ಹಲಗೆ, ಕಾಗದ ಎಲ್ಲ ತಂದಿದ್ದಳು. ಗಿಡವನ್ನು ಕಾಗದದ ಮೇಲೆ ಮಲಗಿಸಿದವಳು ಮತ್ತೆ ಎತ್ತಿ ಮಾದಪ್ಪನವರ ಕೈಗೇ ಕೊಟ್ಟಳು. “ಇದ್ದಲ್ಲೇ ಕಟ್ಟಿಬಿಡಿ. ಇದೊಂದೇ ಇರೋದು.”

ಶಿವಮ್ಮ ಬಾಳೆನಾರು ನೆನೆಸಿ ಕೊಟ್ಟರು. ಮಾದಪ್ಪ ಮತ್ತೆ ಹತ್ತಿ, ಕವಲಿಗೆ ಬೇರು ಒತ್ತಿ ಹಿಡಿದು ಸುತ್ತತೊಡಗಿದರು. ಅಷ್ಟರಲ್ಲಿ ನಮ್ಮ ಬಸ್ಸಿನ ಹಾರನ್ನು ಕೇಳಿತು. ಹೊರಡುತ್ತೇವೆಂದು ಕೆಳಗಿನಿಂದ ಕೂಗಿದೆವು.

“ಬದುಕ್ಬಾರ್ದು ಅಂತ್ಲೇ ಕೀಳದು ಕಣವ್ವಾ ನಾವು,” ಎಂದರು ಮೇಲಿನಿಂದ. “ಇನ್ನ ಇದು ಎಂಗ್ ಬದುಕ್ತದೆ?”

ನಾವು ಓಡಿಹೋಗಿ ಬಸ್ಸು ಹತ್ತಿದೆವು. ಬಸ್ಸು ತಿರುವಿನಲ್ಲಿ ಹೊರಳುವಾಗ ಹಿಂತಿರುಗಿ ನೋಡಿದೆ. ಮಾದಪ್ಪ ಇನ್ನೂ ಮರದಿಂದ ಇಳಿದಿರಲಿಲ್ಲ.