ಎಷ್ಟು ಬರಬೇಕು

ಮುಂಬೈ ಪಕ್ಕದ ಠಾಣೆಯ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತಿದ್ದೆ. ಅವತ್ತು ಪ್ರಾಕ್ಟಿಕಲ್. ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ಆ್ಯಸಿಡ್ ಹನಿಸುತ್ತ, ಬಣ್ಣ ಬದಲಾಗಲು ಎಷ್ಟು ಬೇಕಾಯಿತೆಂದು ಅಳೆಯಬೇಕಿತ್ತು. ವರ್ತಕ ನಗರದಿಂದ ಬರುತ್ತಿದ್ದ ಮಂಗಳೂರು ಕಡೆಯ ಹುಡುಗಿಯೊಬ್ಬಳು ಬ್ಯೂರೆಟ್ ತುಂಬಿದಳು. ಇನ್ನೂ ಒಂದು ಹನಿಯನ್ನೂ ಬಿಟ್ಟಿರಲಿಲ್ಲ, "ಮ್ಯಾಡಮ್, ಕಿತ್ನಾ ಆನಾ ಚಾಹಿಯೇ?" ಎಂದು ಕೇಳಿದಳು. ಎಷ್ಟು ಬಂತು ಅಂತಲ್ಲ, ಎಷ್ಟು ಬರಬೇಕು ಅಂತ.

ನನಗೆ ಮೈಯೆಲ್ಲ ಉರಿಯಿತು. "ನಾಳೆ ರಬಾಳೆಯ ಔಷಧಿ ಕಾರ್ಖಾನೆಗೆ ಸೇರಿದರೂ ಹೀಗೇ ಕೇಳ್ತೀಯಾ?" ಎಂದು ಕನ್ನಡದಲ್ಲೇ ಗದರಿದೆ. ಬೈಯಲು ನನಗೆ ಬೇರೆ ಭಾಷೆ ಸಾಲದು. ಎಲ್ಲರೂ ಉತ್ತರ ಮೊದಲು ಕೇಳಿಕೊಂಡು, ರೀಡಿಂಗ್ ಆಮೇಲೆ ಬರೆಯುತ್ತಾರೆ ಎಂದು ಅವಳು ಹಿಂದಿಯಲ್ಲೇ ತಣ್ಣಗೆ ಹೇಳಿದಳು.

ಇದನ್ನು ನಿಲ್ಲಿಸಲೇಬೇಕೆಂದು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಧಾರವಾಡದ ಕಡೆಯವರು. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. "ಬರ್ರಿ ಮೇಡಂ. ಕಾಲೇಜಿಗೆ ಗ್ರೇಡ್ ಕೊಡೋ ಕಮಿಟಿ ಬರೂದೈತಿ. ಈ ಸಲ ನಿಮ್ಮ ಡಿಪಾರ್ಟ್‌ಮೆಂಟಿನ ರಿಸಲ್ಟ್ ನೂರಕ್ಕ ನೂರು ಬರಬೇಕ್ರಿ."

ಪರೀಕ್ಷೆಯೇ ಇನ್ನೂ ನಡೆದಿರಲಿಲ್ಲ. ಆ ಹುಡುಗಿ ಬ್ಯೂರೆಟ್ ಆದರೂ ತುಂಬಿದ್ದಳು.